ನರಮಾಂಸದ ಕೇಸುಗಳ ಕ್ಯಾಪ್ಟನ್

ಕಳೆದ ತಿಂಗಳು ಹಮೀದ್ ಫೋನ್ ಮಾಡಿ, "ಕ್ಯಾಪ್ಟನ್ ಹೋದ್ರು ಮಾರಾಯ" ಅಂದ. ಎಲ್ಲಿಗೆ ಎಂದು ಕೇಳುವಷ್ಟು ಪೆದ್ದ ನಾನಲ್ಲ, ಆದರೂ ಬಾಯಿಗೆ ಅದೇ ಬಂತು. ಸಂಜೆಯೊಳಗೆ ದುಬೈಯ ಹಳೇ ಮಿತ್ರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಒಬ್ಬರು 'ದೇವರಂಥ ಮನುಷ್ಯ' ಎಂದು ಬರೆದರು, ಇನ್ನೊಬ್ಬರು 'ಇರುವೆಗೂ ನೋವು ಮಾಡಿದವರಲ್ಲ' ಎಂದರು. ಸತ್ತವರ ಬಗ್ಗೆ ಹೀಗೆ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅವರು ದೇವರಂಥವರಾಗಿರಲಿಲ್ಲ. ಇರುವೆಯ ವಿಷಯ ನನಗೆ ಗೊತ್ತಿಲ್ಲ. ಒಳ್ಳೆಯ ಮನುಷ್ಯ, ಒಂದು ದೊಡ್ಡ ತಪ್ಪು ಮಾಡಿದರು, ಅದು ತಪ್ಪು ಎಂದು ತಾವೇ ಕಂಡುಕೊಂಡರು. ಅಷ್ಟು ಹೇಳಿದರೆ ಅವರಿಗೆ ಮರ್ಯಾದೆ ಎಂದು ನನಗನಿಸುತ್ತದೆ.

ಹೆಸರು ಬರೆಯುವುದಿಲ್ಲ. ಹೆಂಡತಿ, ಮಗಳು ಇದ್ದಾರೆ. ಕ್ಯಾಪ್ಟನ್ ಎಂದು ನಾವು ಕರೆಯುತ್ತಿದ್ದರೂ ಹಡಗಿನಲ್ಲಿ ಅವರು ಸೆಕೆಂಡ್ ಮೇಟ್‌ಗಿಂತ ಮೇಲೆ ಹೋದವರಲ್ಲ. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಸಮುದ್ರ ಬಿಟ್ಟ ಮೇಲೆ ಜೆಬೆಲ್ ಅಲಿಯ ಒಂದು ಕಂಪನಿಯಲ್ಲಿ ಆಪರೇಶನ್ಸ್ ನೋಡಿಕೊಳ್ಳುತ್ತಿದ್ದರು. ಬಂದರಿಗೆ ಬರುವ ಹಡಗುಗಳಿಗೆ ಅಕ್ಕಿ, ಮಾಂಸ, ಈರುಳ್ಳಿ, ಹಗ್ಗ, ಬಣ್ಣ ಎಲ್ಲ ಒದಗಿಸುವ ಕಂಪನಿ ಅದು. ನಾನು ಅದೇ ಆಫೀಸಿನಲ್ಲಿ ಕಾಗದಪತ್ರ ಟೈಪ್ ಮಾಡುವವನು. ಉಪ್ಪಿನಂಗಡಿಯ ಬ್ಯಾರಿ ಹಮೀದ್ ಗೋದಾಮಿನ ಸೂಪರ್‌ವೈಸರ್. ಅಲ್ ನಹ್ದಾದಲ್ಲಿ ನಾವು ಮೂವರೂ ಒಂದೇ ಫ್ಲ್ಯಾಟಿನಲ್ಲಿದ್ದೆವು. 2011ರಿಂದ ಐದಾರು ವರ್ಷ ಅವರ ಜೊತೆ ಉಂಡೆ, ಅವರ ಜೊತೆ ಬಸ್ಸು ಹತ್ತಿದೆ.

ಶುಕ್ರವಾರ ರಜೆ. ಹಮೀದ್ ಅಂಜಲ್ ಮೀನು ತರುತ್ತಿದ್ದ, ಕ್ಯಾಪ್ಟನ್ ಸಾರು ಮಾಡುತ್ತಿದ್ದರು, ನಾನು ಪಾತ್ರೆ ತೊಳೆಯುತ್ತಿದ್ದೆ. ಬಡಿಸುವಾಗ ಒಂದು ಶಾಸ್ತ್ರವಿತ್ತು. ಮೀನಿನ ತುಂಡುಗಳನ್ನು ಮೂರು ತಟ್ಟೆಗೆ ಹಾಕಿ, ಒಬ್ಬ ಗೋಡೆಗೆ ಮುಖ ಮಾಡಿ ಕೂರಬೇಕು. ಇನ್ನೊಬ್ಬ ಒಂದು ತಟ್ಟೆ ಮುಟ್ಟಿ "ಇದು ಯಾರಿಗೆ?" ಎಂದು ಕೇಳಬೇಕು. ಗೋಡೆ ನೋಡುವವನು ಯಾರ ಹೆಸರು ಹೇಳುತ್ತಾನೋ ತಟ್ಟೆ ಅವನದು. ತಲೆ ಬಂದವನು ತಲೆ ತಿನ್ನಬೇಕು, ಗೊಣಗುವಂತಿಲ್ಲ. ಮೊದಲ ವಾರ ಇದು ಇಗರ್ಜಿಯ ಯಾವುದೋ ಪದ್ಧತಿ ಇರಬೇಕು ಎಂದುಕೊಂಡು ನಾನು ಭಕ್ತಿಯಿಂದ ಕೂತಿದ್ದೆ.

"ಮೂರು ತುಂಡು ಮೀನಿಗೆ ಇಷ್ಟೆಲ್ಲ ಕಾನೂನು ಎಂತಕ್ಕೆ ಕ್ಯಾಪ್ಟನ್?" ಎಂದು ಹಮೀದ್ ರೇಗಿಸುತ್ತಿದ್ದ.

"ಪಾಲು ಮಾಡುವವನಿಗೆ ಕಣ್ಣು ಇರಬಾರ್ದು ಮಾರಾಯ. ಹಡಗು ಮುಳುಗಿದ ಮೇಲೆ ದೋಣಿಯಲ್ಲಿ ಬಿಸ್ಕೆಟ್ ಹಂಚ್ತಿದ್ದದ್ದು ಹೀಗೇ. ಇಲ್ಲದಿದ್ರೆ ಬಿಸ್ಕೆಟ್ ಮುಗಿದ ಮರುದಿನ ಮನುಷ್ಯನನ್ನೇ ಹಂಚ್ಲಿಕ್ಕೆ ಶುರು ಮಾಡ್ತಾರೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಮಂಚದ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು, ಅದರ ತುಂಬ ಜೆರಾಕ್ಸ್ ಕಾಗದ. ಒಮ್ಮೆ ಅವರ ಪಾಸ್‌ಪೋರ್ಟ್ ಪ್ರತಿ ಹುಡುಕಿಕೊಡಲು ಹೋಗಿ ನಾನು ಅದನ್ನು ತೆರೆದೆ. ಹಳೇ ಕೋರ್ಟುಗಳ ತೀರ್ಪು, ಪಾದ್ರಿಗಳ ಪತ್ರ, ನಾವಿಕರ ಹೇಳಿಕೆ, ಎಲ್ಲವೂ ಮನುಷ್ಯರು ಮನುಷ್ಯರನ್ನು ತಿಂದದ್ದು. ಇಂಥ ಮನುಷ್ಯನ ಪಕ್ಕದ ಮಂಚದಲ್ಲಿ ಒಂದು ವರ್ಷ ಮಲಗಿದ್ದೇನಲ್ಲ ಎಂದು ದಡಬಡಿಸಿ ಮುಚ್ಚಳ ಹಾಕಿದೆ. ಕ್ಯಾಪ್ಟನ್ ಬಾಗಿಲಲ್ಲಿ ನಿಂತು ನಕ್ಕರು. "ಹೆದರಬೇಡ, ನಿನ್ನಲ್ಲಿ ಎಂತ ಉಂಟು ತಿನ್ಲಿಕ್ಕೆ?"

ಆ ಹುಚ್ಚು ಹೇಗೆ ಹಿಡಿಯಿತು ಎಂದು ಅವತ್ತು ಹೇಳಿದರು. ಅವರು ಕೊನೆಯದಾಗಿ ಕೆಲಸ ಮಾಡಿದ ಹಡಗಿನ ಮಾಲೀಕ ಶಾರ್ಜಾದ ಹೊರಗೆ ಲಂಗರು ಹಾಕಿಸಿ ನಾಪತ್ತೆಯಾಗಿದ್ದ. ಸಂಬಳ ಇಲ್ಲ, ಡೀಸೆಲ್ ಇಲ್ಲ, ಇಳಿಯಲು ಪರವಾನಗಿ ಇಲ್ಲ. ಎದುರಿಗೆ ಊರಿನ ದೀಪ ಕಾಣುತ್ತಿತ್ತಂತೆ. ಹದಿನಾಲ್ಕು ಜನ, ಏಳು ತಿಂಗಳು. ಅಕ್ಕಿಯನ್ನು ಲೋಟದಲ್ಲಿ ಅಳೆಯುವ ಕಾಲ ಬಂದಾಗ ಹಡಗಿನ ಒಂದು ಹಳೇ ಪುಸ್ತಕದಲ್ಲಿ ಓದಿದ್ದ ಈ ಬೆನ್ನು ತಿರುಗಿಸುವ ಪದ್ಧತಿಯನ್ನು ಅವರೇ ಶುರು ಮಾಡಿದರು. ಯಾರೂ ಸಾಯಲಿಲ್ಲ, ಕೊನೆಗೆ ಯಾರೋ ಪುಣ್ಯಾತ್ಮರು ಕೋರ್ಟಿಗೆ ಹೋಗಿ ಬಿಡಿಸಿದರು.

"ಯಾರೂ ಯಾರನ್ನೂ ಮುಟ್ಲಿಲ್ಲ," ಅಂದರು. "ಆದ್ರೆ ನಾಲ್ಕನೇ ತಿಂಗಳಿಗೆ ನನಗೆ ಗೊತ್ತಾಗಿತ್ತು, ಹಾಗೊಂದು ದಿನ ಬಂದ್ರೆ ಮೊದಲು ಯಾರು ಅಂತ. ಎಂಜಿನ್ ರೂಮಿನಲ್ಲಿ ಒಬ್ಬ ಬರ್ಮಾದವ ಇದ್ದ. ಅವನ ಭಾಷೆ ಬೇರೆ ಯಾರಿಗೂ ಬರ್ತಿರಲಿಲ್ಲ. ಎಲ್ಲರೂ ಅವನನ್ನೇ ನೋಡ್ತಿದ್ರು. ನಾನೂ ನೋಡಿದ್ದೇನೆ."

ಇಳಿದ ಮೇಲೆ ಅವರು ಮತ್ತೆ ಹಡಗು ಹತ್ತಲಿಲ್ಲ. ಹಾಗೆ ನೋಡುವ ಕಣ್ಣು ಎಲ್ಲಿಂದ ಬಂತು ಎಂದು ತಿಳಿಯಲು ಓದಲು ಕೂತರು.

ಓದಿದ್ದನ್ನು ನಮಗೆ ಹೇಳದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ. ಬೆಳಗಿನ ಕಂಪನಿ ಬಸ್ಸಿನಲ್ಲಿ ಜೆಬೆಲ್ ಅಲಿಗೆ ಒಂದೂಕಾಲು ಗಂಟೆ. ಉಳಿದವರು ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿದ್ದೆ ಹೊಡೆಯುವಾಗ ನಾನು ಈಜಿಪ್ಟಿನ ಬರಗಾಲ ಕೇಳುತ್ತಿದ್ದೆ. ಎಂಟುನೂರು ವರ್ಷ ಹಿಂದೆ ನೈಲ್ ನದಿ ಏರಲಿಲ್ಲ. ಬಾಗ್ದಾದಿನ ಒಬ್ಬ ವೈದ್ಯ ಅಲ್ಲೇ ಇದ್ದು ಕಂಡದ್ದನ್ನು ಬರೆದಿಟ್ಟಿದ್ದಾನೆ. ತಿಂದು ಸಿಕ್ಕಿಬಿದ್ದವರನ್ನು ಸುಡುತ್ತಿದ್ದರು. ಮೊದಮೊದಲು ಜನ ಆ ಮಾತು ಎತ್ತಲೂ ನಡುಗಿದರು, ಆಮೇಲೆ ರೂಢಿಯಾಯಿತು, ಯಾರಿಗೂ ಆಶ್ಚರ್ಯವೇ ಆಗದ ಹಾಗೆ ಆಯಿತು. "ಸುಟ್ಟದ್ದರಿಂದ ಎಂತ ಪ್ರಯೋಜನ? ಸುಟ್ಟ ಹೆಣ ಬೆಳಿಗ್ಗೆ ಇರ್ತಿರಲಿಲ್ಲ," ಎಂದು ಕ್ಯಾಪ್ಟನ್ ಹವಾಮಾನ ಹೇಳುವ ದನಿಯಲ್ಲಿ ಹೇಳಿದರು. ಅವತ್ತು ನನ್ನ ತಿಂಡಿ ಡಬ್ಬಿ ಹಾಗೇ ವಾಪಸು ಬಂತು.

ಅವರ ಮುಖ್ಯ ವಾದ ಒಂದೇ. ತಿಂದವರಿಗಿಂತ ತಿನ್ನದವರಿಗೇ ಹೆಚ್ಚು ಶಿಕ್ಷೆಯಾಗಿದೆ. ಸ್ಪೇನಿನ ಒಬ್ಬ ರಾಣಿ, ಹೊಸ ದ್ವೀಪಗಳಲ್ಲಿ ಜನರನ್ನು ಗುಲಾಮರಾಗಿ ಹಿಡಿಯಬಾರದು, ಆದರೆ ನರಭಕ್ಷಕರಾದರೆ ಹಿಡಿಯಬಹುದು ಎಂದು ಅಪ್ಪಣೆ ಕೊಟ್ಟಳು. ಅಷ್ಟೇ ಸಾಕಾಯಿತು. ಎದುರು ನಿಂತ ದ್ವೀಪದವರೆಲ್ಲ ಒಂದೇ ಏಟಿಗೆ ನರಭಕ್ಷಕರಾದರು. ಅದೇ ಕಾಲದಲ್ಲಿ ಯುರೋಪಿನ ಔಷಧದಂಗಡಿಗಳಲ್ಲಿ ಈಜಿಪ್ಟಿನ ಹೆಣದ ಪುಡಿಯನ್ನು ಚಮಚದಲ್ಲಿ ಅಳೆದು ಮಾರುತ್ತಿದ್ದರು. ಅಲ್ಲಿ ಯಾರನ್ನೂ ಹಿಡಿಯಲಿಲ್ಲ. "ಅದು ಮದ್ದು ಅಲ್ವಾ," ಎನ್ನುತ್ತಿದ್ದರು ಕ್ಯಾಪ್ಟನ್, ತಮ್ಮ ಶುಗರ್ ಮಾತ್ರೆ ನುಂಗುತ್ತ.

ಈ ವಿದ್ಯೆಯಿಂದ ಅವರಿಗೆ ಒಂದು ನೆಂಟಸ್ತಿಕೆ ಕಡಿದುಹೋಯಿತು. ಅಲ್ ಬರ್ಷಾದಲ್ಲಿ ಅವರ ದೂರದ ತಂಗಿಯ ಮಗಳಿಗೆ ಮೊದಲ ಕೊಮುನ್ಯಾಂವ್, ಅಂದರೆ ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ಶಾಸ್ತ್ರ, ಆಗಿತ್ತು, ಊಟಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಿಳಿ ಫ್ರಾಕು ಹಾಕಿದ ಹುಡುಗಿ ಪ್ರೀತಿಯಿಂದ ಪಕ್ಕದಲ್ಲಿ ಬಂದು ಕೂತಳು. ಹಳೇ ರೋಮಿನವರು ಕ್ರಿಶ್ಚಿಯನ್ನರ ಮೇಲೆ ಎಂಥ ಆರೋಪ ಹೊರಿಸಿದ್ದರು ಗೊತ್ತುಂಟಾ ಎಂದು ಇವರು ಶುರು ಮಾಡಿದರು. ಮಗುವನ್ನು ಹಿಟ್ಟಿನಲ್ಲಿ ಮುಚ್ಚಿ ಕೊಂದು ತಿನ್ನುತ್ತಾರೆ ಎಂದು ಜನ ನಂಬಿದ್ದರು, ರೊಟ್ಟಿ ಕ್ರಿಸ್ತನ ಶರೀರ, ದ್ರಾಕ್ಷಾರಸ ಅವನ ರಕ್ತ ಎಂಬ ಪ್ರಾರ್ಥನೆಯ ಮಾತು ಕೇಳಿಸಿಕೊಂಡು ಇನ್ನಷ್ಟು ನಂಬಿದರು, ಹಿಡಿದು ಕೊಂದರು. ಹುಡುಗಿ ಇಂಗ್ಲಿಷಿನಲ್ಲಿ, "ಅಂಕಲ್, ಆ ಮಗುವಿಗೆ ಆಮೇಲೆ ಏನಾಯ್ತು?" ಎಂದು ಅಳಲು ಶುರು ಮಾಡಿದಳು. ನಮಗೆ ಆ ಮನೆಯಲ್ಲಿ ಕೇಕು ಸಿಗಲಿಲ್ಲ, ಮುಂದೆ ಕರೆಯೂ ಬರಲಿಲ್ಲ. "ಸತ್ಯ ಹೇಳಿದ್ದಕ್ಕೆ ಇದು," ಎಂದು ಮೆಟ್ರೋದಲ್ಲಿ ಕ್ಯಾಪ್ಟನ್ ಬೇಜಾರು ಮಾಡಿಕೊಂಡರು. ಸತ್ಯಕ್ಕೂ ಹೊತ್ತುಗೊತ್ತು ಇರುತ್ತದೆ ಎಂದು ನಾನು ಹೇಳಿದೆ, ಅವರು ಒಪ್ಪಲಿಲ್ಲ.

ಹಮೀದ್ ಒಬ್ಬನೇ ಅವರಿಗೆ ಸರಿಸಮ. ಊರಿಗೆ ಹೋದಾಗ ಅವನು ಮಸೀದಿಯ ಉಸ್ತಾದರನ್ನು ಕೇಳಿಕೊಂಡು ಬಂದ. ಹಸಿವಿನಿಂದ ಪ್ರಾಣ ಹೋಗುವಾಗ ಸತ್ತವನ ಮಾಂಸ ಜೀವ ಉಳಿಯುವಷ್ಟು ತಿನ್ನಬಹುದು ಎಂದು ಹಿಂದಿನ ಕೆಲವು ಪಂಡಿತರು ಹೇಳಿದ್ದಾರಂತೆ, ಅದೂ ಸಲ್ಲದು ಎಂದು ಇನ್ನು ಕೆಲವರು. "ಆದ್ರೆ ತಪ್ಪು ಮಾಡದವನನ್ನು ಕೊಂದು ತಿನ್ನಬಹುದು ಅಂತ ಯಾರೂ ಹೇಳ್ಲಿಲ್ಲ ಕ್ಯಾಪ್ಟನ್. ನಿನ್ನ ಜೀವ ಅವನ ಜೀವಕ್ಕಿಂತ ದೊಡ್ಡದು ಅಂತ ನಿನಗೆ ಯಾರು ಹೇಳಿದ್ದು, ಅಂತ ಕೇಳಿದ್ರು ಉಸ್ತಾದರು." ಕ್ಯಾಪ್ಟನ್ ಎದ್ದು ಹೋಗಿ ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಅವರು ಪದೇ ಪದೇ ಹೇಳುತ್ತಿದ್ದದ್ದು ಇಂಗ್ಲೆಂಡಿನ ಒಂದು ಕೇಸು. ಹಡಗು ಮುಳುಗಿ ನಾಲ್ವರು ಸಣ್ಣ ದೋಣಿಯಲ್ಲಿ ಉಳಿದರು. ಮೂರು ವಾರದ ಹೊತ್ತಿಗೆ ಕಾಯಿಲೆ ಬಿದ್ದಿದ್ದ ಕ್ಯಾಬಿನ್ ಹುಡುಗನನ್ನು ಕೊಂದು ತಿಂದರು. ದಡಕ್ಕೆ ಬಂದ ಮೇಲೆ ನಡೆದದ್ದನ್ನು ತಾವೇ ಹೇಳಿದರು, ಸಮುದ್ರದಲ್ಲಿ ಇದೆಲ್ಲ ನಡೆದುಕೊಂಡು ಬಂದದ್ದು ಎಂಬ ಧೈರ್ಯದಿಂದ. ಊರಿನವರೆಲ್ಲ ಅವರ ಪರ. ಸತ್ತ ಹುಡುಗನ ಅಣ್ಣ, ಅವನೂ ನಾವಿಕ, ಬಂದು ಕೊಂದವರ ಕೈ ಕುಲುಕಿದ. ನ್ಯಾಯಾಧೀಶರು ಮಾತ್ರ ಹಸಿವು ಕೊಲೆಗೆ ಸಮರ್ಥನೆಯಲ್ಲ ಎಂದು ಗಲ್ಲು ವಿಧಿಸಿದರು, ಆಮೇಲೆ ಅದು ಆರು ತಿಂಗಳ ಜೈಲಿಗೆ ಇಳಿಯಿತು.

"ಯಾರು ಸಾಯುದು ಅಂತ ಚೀಟಿ ಎತ್ತಿ ನೋಡ್ಲಿಲ್ಲ, ಅದೊಂದಕ್ಕೆ ಮಾತ್ರ ಕೆಲವರಿಗೆ ಅವರ ಮೇಲೆ ಸಿಟ್ಟು," ಎನ್ನುತ್ತಿದ್ದರು ಕ್ಯಾಪ್ಟನ್. "ಎತ್ತಿದ್ರೂ ಅವನಿಗೇ ಬೀಳ್ತಿತ್ತು. ಇಲ್ಲಿ ನೋಡು." ಡೈರಿಯಲ್ಲಿ ಅವರು ಓದಿದ ಒಂದೊಂದು ದೋಣಿಗೂ ಒಂದು ಸಾಲು ಇತ್ತು, ಚೀಟಿ ಯಾರಿಗೆ ಬಿತ್ತು ಎಂದು. ಹುಡುಗ. ಗುಲಾಮ. ಪರದೇಶಿ. ಹುಡುಗ. ಪ್ರಯಾಣಿಕ. ಯಾವ ಹಡಗಿನ ಕ್ಯಾಪ್ಟನ್‌ಗೂ ಬಿದ್ದದ್ದು ಇಲ್ಲವಾ ಎಂದು ಕೇಳಿದೆ. "ನನಗೆ ಇನ್ನೂ ಸಿಕ್ಕಿಲ್ಲ. ದೋಣಿಯಲ್ಲಿ ಯಾರಿಗೆ ಊರವರು ಇಲ್ವೋ ಅವನಿಗೇ ಬೀಳುದು. ಮತ್ತೆ ಎಲ್ಲರೂ ದೇವರಿಚ್ಛೆ ಅಂತ ಹೇಳುದು."

ತೈಲದ ಬೆಲೆ ಬಿದ್ದ ಮೇಲೆ ಹಡಗುಗಳ ಆರ್ಡರು ಕಡಿಮೆಯಾಯಿತು. 2016ರ ಒಂದು ಭಾನುವಾರ ಜನರಲ್ ಮ್ಯಾನೇಜರ್ ಕ್ಯಾಪ್ಟನ್‌ರನ್ನು ಕರೆದು, ಗೋದಾಮು ಆಫೀಸು ಸೇರಿ ನಿಮ್ಮ ಕೈಕೆಳಗಿನ ಹನ್ನೆರಡು ಜನರಲ್ಲಿ ನಾಲ್ವರು ಹೋಗಬೇಕು, ಗುರುವಾರದೊಳಗೆ ಹೆಸರು ಕೊಡಿ ಎಂದರು. ಕೆಲಸ ಹೋದರೆ ವೀಸಾ ಕ್ಯಾನ್ಸಲ್, ವೀಸಾ ಹೋದರೆ ಊರು. ನನಗೆ ಆಗಷ್ಟೇ ಮಗಳು ಹುಟ್ಟಿದ್ದಳು. ಆ ನಾಲ್ಕು ದಿನ ನಾನು ಯಾರಿಗೂ ಎದುರು ಮಾತನಾಡದೆ, ಹೇಳಿದ್ದಕ್ಕೆಲ್ಲ ಯಸ್ ಯಸ್ ಎನ್ನುತ್ತ ಸಜ್ಜನನಾಗಿದ್ದೆ.

ಕ್ಯಾಪ್ಟನ್ ಬಹಳ ಶ್ರದ್ಧೆಯಿಂದ ಕೆಲಸ ಮಾಡಿದರು. ಎಲ್ಲರ ಫೈಲು ತರಿಸಿದರು, ರಜೆ, ಲೈಸೆನ್ಸ್, ಭಾಷೆ ಎಲ್ಲ ನೋಡಿದರು. ಮನೆಯಲ್ಲಿ ಆ ಮಾತೇ ಎತ್ತಲಿಲ್ಲ, ಹಮೀದ್ ಕೇಳಿದರೂ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಕೈಬರಹದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ನ್ಯಾಯವಾಗಿ ಮಾಡಿದ್ದೇನೆ. ಯಾರ ಮುಖವನ್ನೂ ನೋಡ್ಲಿಲ್ಲ," ಅಂದರು.

ನಾನು ಟೈಪ್ ಮಾಡಲು ಕೂತೆ. ಇಬ್ಬರು ನೇಪಾಳದವರು, ಒಬ್ಬ ಬಂಗಾಳಿ, ನಾಲ್ಕನೆಯವನು ಕೋಲ್ಡ್ ಸ್ಟೋರ್ ನೋಡಿಕೊಳ್ಳುತ್ತಿದ್ದ ಒಡಿಶಾದ ಪ್ರಧಾನ್. ಪ್ರತಿ ಹೆಸರಿನ ಮುಂದೆ ಕಾರಣ ಇತ್ತು, ಪ್ರತಿ ಕಾರಣವೂ ಸರಿಯಾಗಿತ್ತು. ಪ್ರಧಾನನಿಗೆ ಇಂಗ್ಲಿಷ್ ಬರುವುದಿಲ್ಲ, ಕಂಪ್ಯೂಟರ್ ಎಂಟ್ರಿ ತಡ. ಹನ್ನೆರಡರಲ್ಲಿ ಉಳಿದ ಎಂಟೂ ಜನ, ನಾನೂ ಹಮೀದನೂ ಸೇರಿ, ಮಂಗಳೂರು, ಉಡುಪಿ ಕಡೆಯವರು. ಫೋರ್ಕ್‌ಲಿಫ್ಟಿನಿಂದ ಎರಡು ಸಲ ಮೊಟ್ಟೆಯ ರಾಶಿ ಬೀಳಿಸಿದ ನಮ್ಮ ಬಂಟ್ವಾಳದವನ ಹೆಸರು ಇರಲಿಲ್ಲ. ವಾರಕ್ಕೆರಡು ದಿನ ತಡವಾಗಿ ಬರುವ ಕಾಪುವಿನವನದೂ ಇರಲಿಲ್ಲ. ಎರಡನೇ ಹೆಸರಿಗೇ ನನಗೆ ಇದರ ವಾಸನೆ ಬಡಿಯಿತು. ಬೆರಳು ನಿಂತವು. ಮೊದಲು ಹಾಳೆಯ ಕೆಳಗಿನವರೆಗೆ ಕಣ್ಣಾಡಿಸಿ ನನ್ನ ಹೆಸರು ಇಲ್ಲ ಎಂದು ಖಚಿತ ಮಾಡಿಕೊಂಡೆ. ಆಮೇಲೆ ಉಳಿದದ್ದನ್ನು ಬೇಗಬೇಗ ಟೈಪ್ ಮಾಡಿ ಮುಗಿಸಿದೆ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಅವರು ಮೋಸ ಮಾಡಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಬಂಟ್ವಾಳದವನು ಮೊಟ್ಟೆ ಬೀಳಿಸಿದಾಗ ಅವನ ತಾಯಿಗೆ ಹುಷಾರಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಕೊಂಕಣಿಯಲ್ಲಿ ಅವನೇ ಬಂದು ಹೇಳಿಕೊಂಡಿದ್ದ. ಪ್ರಧಾನನ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಪತ್ರ ಹಂಚಿದರು. ಪ್ರಧಾನ್ ಕ್ಯಾಪ್ಟನ್‌ರ ಕ್ಯಾಬಿನ್ನಿಗೆ ಬಂದ. ನಾನು ಫೈಲು ಹಿಡಿದು ಅಲ್ಲೇ ನಿಂತಿದ್ದೆ.

"ಸಾಬ್, ಮೇರಾ ಗಲ್ತಿ ಕ್ಯಾ ಹೈ?" ನನ್ನ ತಪ್ಪೇನು ಎಂದು ಕೇಳಿದ.

ಕ್ಯಾಪ್ಟನ್ ಕಾರಣಗಳನ್ನು ಹಿಂದಿಯಲ್ಲಿ ಓದಿ ಹೇಳಿದರು, ಮೆತ್ತಗೆ, ಅರ್ಥವಾಗುವ ಹಾಗೆ. ಪ್ರಧಾನ್ ಪೂರ್ತಿ ಕೇಳಿದ. ಒಂಬತ್ತು ವರ್ಷದಲ್ಲಿ ತನ್ನ ಕೋಲ್ಡ್ ಸ್ಟೋರಿನಲ್ಲಿ ಒಂದು ಕಿಲೋ ಮಾಂಸ ಕೆಟ್ಟಿಲ್ಲ ಎಂದ. ಕಂಪ್ಯೂಟರ್ ಕಲಿಯಲು ಎರಡು ಸಲ ಹೆಸರು ಕೊಟ್ಟಿದ್ದೆ, ಎರಡು ಸಲವೂ ಮಂಗಳೂರಿನವರನ್ನು ಕಳಿಸಿದಿರಿ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, "ಠೀಕ್ ಹೈ ಸಾಬ್. ಈ ಆಫೀಸಿನಲ್ಲಿ ನಮ್ಮ ಊರಿನವರು ಯಾರೂ ಇಲ್ಲ," ಎಂದು ಅವನ ಹಿಂದಿಯಲ್ಲಿ ಹೇಳಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ.

ಕ್ಯಾಪ್ಟನ್ ಪಟ್ಟಿ ತೆಗೆದು ನಾಲ್ಕೂ ಹೆಸರಿನ ಪಕ್ಕ ಊರು ಬರೆದರು. ಅದರ ಕೆಳಗೆ ಉಳಿದ ಎಂಟು ಹೆಸರು ಬರೆದು ಊರು ಬರೆಯತೊಡಗಿದರು. ಮೂರನೆಯದಕ್ಕೆ ಪೆನ್ನು ನಿಂತಿತು. ಮನುಷ್ಯನ ಮುಖ ಅಷ್ಟು ಬೇಗ ಮುದಿಯಾಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹಾಳೆ ಹಿಡಿದು ಸೀದಾ ಮ್ಯಾನೇಜರರ ಕೋಣೆಗೆ ಹೋದರು. ಗಾಜಿನಾಚೆ ಅವರ ಕೈ ಆಡುವುದು ಕಾಣುತ್ತಿತ್ತು. ಹತ್ತು ನಿಮಿಷದಲ್ಲಿ ವಾಪಸು ಬಂದರು.

"ಖಲಾಸ್ ಅಂತೆ. ನಾಲ್ಕು ಅಂದ್ರೆ ನಾಲ್ಕೇ. ಪ್ರಧಾನ್ ಹೋಗುದು ಬೇಡ ಅಂದ್ರೆ ಸಂಜೆಯೊಳಗೆ ಬೇರೆ ಒಂದು ಹೆಸರು ಕೊಡಿ ಅಂತ. ನನ್ನದು ಕೊಟ್ಟೆ. ನಕ್ಕರು. ಮುಂದಿನ ಲಿಸ್ಟ್ ಯಾರು ಮಾಡುದು ಅಂತ ಕೇಳಿದ್ರು."

"ಬೇರೆ ಹೆಸರು ಕೊಡ್ತೀರಾ?" ಎಂದು ಕೇಳಿದೆ.

ಅವರು ಸಂಜೆಯವರೆಗೂ ಎಂಟು ಹೆಸರಿನ ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಒಂದೊಂದು ಹೆಸರಿಗೂ ಅವರಿಗೆ ಒಂದು ಮನೆ, ಒಬ್ಬ ಅಪ್ಪ, ಒಂದು ಮದುವೆಯ ಊಟ ನೆನಪಿತ್ತು. ಐದು ಗಂಟೆಗೆ ಬಸ್ಸಿಗೆ ಹೊರಡುವಾಗಲೂ ಯಾವುದಕ್ಕೂ ಗುರುತು ಬಿದ್ದಿರಲಿಲ್ಲ. ಪ್ರಧಾನ್ ಒಂದು ತಿಂಗಳ ನೋಟಿಸು ಮುಗಿಸಿ ಹೋದ. ಉಳಿದ ಮೂವರೂ ಹೋದರು, ಅವರ ಪರವಾಗಿ ಯಾರೂ ಒಂದು ಮಾತೂ ಕೇಳಲಿಲ್ಲ.

ಆ ತಿಂಗಳು ಫ್ಲ್ಯಾಟಿನಲ್ಲಿ ಸಾರು ಇತ್ತು, ಮಾತು ಇರಲಿಲ್ಲ. ಹಮೀದ್ ಒಂದೆರಡು ಸಲ ಈಜಿಪ್ಟು ರೋಮು ಎಂದು ಕೆಣಕಿ ನೋಡಿದ. ಕ್ಯಾಪ್ಟನ್ "ಅದೆಲ್ಲ ಓದಿದ್ದು ಸಾಕು" ಎಂದರು. ಓದುವುದು ಶಾಸ್ತ್ರ, ಹಾಕುವುದು ಗಾಳ ಎಂದು ಅವರಿಗೇ ಹೇಳಿಬಿಡಬೇಕು ಎಂದು ನನಗೆ ಒಮ್ಮೆ ಅನಿಸಿತ್ತು. ಹೇಳುವ ಯೋಗ್ಯತೆ ನನಗೆ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು ಎಂದು ತಿಳಿದದ್ದು ಪ್ರಧಾನ್ ಹೋದ ದಿನ. ಕಂಪನಿ ಗೇಟಿನ ಹತ್ತಿರ ಬಸ್ಸಿಗೆ ನಿಂತಿದ್ದೆವು, ಸೆಕೆಗೆ ಶರ್ಟು ಬೆನ್ನಿಗೆ ಅಂಟಿತ್ತು.

"ಟೈಪ್ ಮಾಡುವಾಗ ನಿನಗೆ ಗೊತ್ತಾಯ್ತಾ?" ಎಂದು ಕೇಳಿದರು. ಯಾವುದು ಎಂದು ಹೇಳಲಿಲ್ಲ.

ಸುಳ್ಳು ಹೇಳಬಹುದಿತ್ತು. "ಗೊತ್ತಾಯ್ತು."

"ಹೇಳ್ಲಿಲ್ಲ."

"ಹೇಳಿದ್ರೆ ನೀವು ಪಟ್ಟಿ ಬದಲಿಸ್ತಿದ್ರಿ. ನನ್ನ ಹೆಸರು ಬಂದೀತು ಅಂತ."

ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ರಸ್ತೆ ನೋಡುತ್ತ, "ನೀನಾದ್ರೂ ನೋಡಿದಿ. ನಾನು ನೋಡ್ಲೇ ಇಲ್ಲ ಮಾರಾಯ," ಅಂದರು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಆರ್ಡರು ಕಡಿಮೆಯಾಗಿ ನನ್ನ ಟೈಪಿಂಗ್ ಅರ್ಧ ದಿನದ ಕೆಲಸವಾಗಿತ್ತು. ಉಳಿದ ಅರ್ಧ ದಿನ ಕೋಲ್ಡ್ ಸ್ಟೋರ್ ನೋಡಿಕೊ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಮರುದಿನ ಬೆಳಿಗ್ಗೆ ನಾನು ಹೋದಾಗ ಅದರ ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದರು, ಕೈಯಲ್ಲಿ ಒಂದು ದಪ್ಪ ಜಾಕೆಟ್. ಪ್ರಧಾನ್ ಅದನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಒಪ್ಪಿಸಿ ಹೋಗಿದ್ದ.

"ಹಾಕ್ಕೊ," ಅಂದರು. "ಒಳಗೆ ಮೈನಸ್ ಹದಿನೆಂಟು."

ಹಾಕಿಕೊಂಡೆ. ತೋಳಿನ ಉದ್ದ ನನಗೆ ಸರಿಯಾಗಿತ್ತು. ಅವರು ಕೊನೆಯ ಗುಂಡಿ ಹಾಕಿ ಮುಗಿಸುವವರೆಗೂ ನನ್ನನ್ನು ನೋಡುತ್ತ ನಿಂತಿದ್ದರು, ಆಮೇಲೆ ಬಾಗಿಲು ತೆಗೆದರು.